ಕಾಕಾ ಪ್ಯಾಕ್ ಮಾಡಿದ ಎಲೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಜನ ಬಹಳ, ಮಾತಾಡುವವರು ಐದಾರು ಮಂದಿ. ನಮ್ಮಲ್ಲಿ ಹಿರಿಯರನ್ನು ಊರಿನ ಹೆಸರು ಸೇರಿಸಿ ಕರೆಯುವ ರೂಢಿ. ಇಲ್ಲೂ ಹಾಗೇ ಬರೆಯುತ್ತೇನೆ.

ಭಾನುವಾರ ಬೆಳಗ್ಗೆ ಸಿರುಗುಪ್ಪ ಕಾಕಾ ಒಂದು ಫಾರ್ವರ್ಡ್ ಹಾಕಿದರು. ಅದು ಹೀಗಿತ್ತು:

"ಪೋಕರ್ ಆಟ. ನಿಮ್ಮ ಕೈಯಲ್ಲಿ ಆಟೀನ್ ರಾಜ, ಆಟೀನ್ ರಾಣಿ. ನಡುವೆ ಎಲ್ಲರಿಗೂ ಸೇರಿ ಬಿಚ್ಚಿಟ್ಟ ಐದು ಎಲೆಯಲ್ಲಿ ಮೂರು ಆಟೀನ್. ಅಲ್ಲೇ ಒಂಬತ್ತರ ಜೋಡಿಯೂ ಇದೆ. ಅಂದರೆ ನಿಮ್ಮದು ಐದೂ ಒಂದೇ ಗುರುತಿನ ಎಲೆ, ರಾಜನ ಕಲರ್. ಎದುರಿಗೆ ಕೂತವನು ಬಲು ಹುಷಾರಿ. ಸಂಜೆಯಿಂದ ಒಮ್ಮೆಯೂ ದುಡ್ಡು ಏರಿಸಿಲ್ಲ. ಕೊನೇ ಎಲೆ ಬಿದ್ದ ಮೇಲೆ ಇದ್ದಕ್ಕಿದ್ದ ಹಾಗೆ ಏರಿಸುತ್ತಾನೆ. ಎಸೆಯಿರಿ ಎಲೆ! ಅಂಥವನು ಏರಿಸಿದ ಅಂದರೆ ಅವನ ಹತ್ತಿರ ನಿಮಗಿಂತ ದೊಡ್ಡದು ಇದ್ದೇ ಇರುತ್ತದೆ. ಜಗತ್ತಿನ ದೊಡ್ಡ ಆಟಗಾರರೆಲ್ಲ ಮಾಡುವುದು ಇದನ್ನೇ. ಜೀವನವೂ ಹೀಗೇ."

ಕೆಳಗೆ ಸೂರ್ಯೋದಯದ ಚಿತ್ರ. ಯಾಕೆ ಅಂತ ಕೇಳಬೇಡಿ.

ಕಾಕಾ: ಇದನ್ನು ನಾನು ದೀಪಾವಳಿಯಲ್ಲೇ ಮಾಡಿ ತೋರಿಸಿದ್ದೆ. ಅವತ್ತು ಎಲ್ಲರೂ ನಕ್ಕಿರಿ. ಈಗ ಓದಿ.

ಕಾಕಾ ಇದನ್ನು ಹಾಕಿದ್ದೇ ಈ ಮಾತಿಗಾಗಿ. ಒಂದು ದೀಪಾವಳಿಗೆ ಬಳ್ಳಾರಿ ಮನೆಯ ಮಾಳಿಗೆ ಮೇಲೆ ತೀನ್ ಪತ್ತಿ, ಅಂದರೆ ಮೂರೆಲೆ ಆಟ, ನಡೆದಿತ್ತು. ಕಾಕಾ ಕೈಯಲ್ಲಿ ಎಕ್ಕದ ಕಲರ್, ಜೋಡಿಗಿಂತ ಎಷ್ಟೋ ಮೇಲಿನದು. ಎದುರಿಗೆ ಸಂಡೂರು ಮಾವ. ಈ ಮಾವ ಎಲೆ ನೋಡದೆ ಒಂದು ರೂಪಾಯಿ ಇಡುವವರಲ್ಲ. ನೋಡಿದ ಮೇಲೂ ಮುಕ್ಕಾಲು ಪಾಲು ಪ್ಯಾಕ್, ಅಂದರೆ ಎಲೆ ಇಟ್ಟು ಆಟ ಬಿಡುವುದು. ಅವತ್ತು ಇದ್ದಕ್ಕಿದ್ದಂತೆ ಡಬಲ್ ಚಾಲ್ ಹೊಡೆದರು, ಪಣ ಎರಡು ಪಟ್ಟು ಏರಿಸಿದರು. ಕಾಕಾ ಎಲೆ ಬಿಚ್ಚಿ ತೋರಿಸು ಅಂತ ಶೋ ಕೂಡ ಕೇಳದೆ ಎಲೆ ಇಟ್ಟುಬಿಟ್ಟರು. ಆಮೇಲೆ ನಮ್ಮ ಮನೆತನದ ಯಾವ ಮದುವೆಯಲ್ಲೂ ಈ ಕಥೆ ತಪ್ಪಿಲ್ಲ. "ಎಕ್ಕದ ಕಲರ್ ಎಸೆಯೋಕೆ ಗುಂಡಿಗೆ ಬೇಕು" ಎನ್ನುತ್ತಾರೆ ಕಾಕಾ.

ಮೊದಲು ಎದ್ದವನು ಬೆಂಗಳೂರು ತಮ್ಮ. ಇವನು ದೊಡ್ಡಪ್ಪನ ಮಗ. ಗುಂಪಿನಲ್ಲಿ ಏನೇ ಬಂದರೂ ಮೂಲ ಕೇಳುವುದು ಇವನ ಕೆಲಸ. ಹಲಸಿನ ಬೀಜಕ್ಕೆ ಶುಗರ್ ಹೋಗುತ್ತದೆ ಅಂದಾಗಲೂ ಕೇಳಿದ್ದ.

ತಮ್ಮ: ಕಾಕಾ, ಯಾವ ದೊಡ್ಡ ಆಟಗಾರ? ಒಬ್ಬನ ಹೆಸರಾದರೂ ಇದೆಯಾ?

ಕಾಕಾ: ಹೆಸರು ಯಾಕೆ ಬೇಕು? ಮಾತು ಸರಿ ಇದೆ ಅಲ್ವಾ?

ತಮ್ಮ: ಅರ್ಧ ಸರಿ. ಮಧ್ಯದಲ್ಲಿ ಎಷ್ಟು ದುಡ್ಡಿದೆ ಅಂತಲೇ ಹೇಳಿಲ್ಲ. ಎರಡು ಸಾವಿರ ಬಿದ್ದಿದೆ, ಅವನು ಇನ್ನೊಂದು ಸಾವಿರ ಇಟ್ಟ ಅಂತ ಇಟ್ಟುಕೊಳ್ಳಿ. ನೀವು ಒಂದು ಸಾವಿರ ಹಾಕಿದರೆ ಮೂರು ಸಾವಿರ ಸಿಗಬಹುದು. ನಾಲ್ಕು ಸಲದಲ್ಲಿ ಒಂದು ಸಲ ಗೆದ್ದರೂ ನಷ್ಟ ಇಲ್ಲ. ಹಾಗಾಗಿ ಅವನ ಹತ್ತಿರ ದೊಡ್ಡದು ಇದೆಯಾ ಅನ್ನುವುದಷ್ಟೇ ಪ್ರಶ್ನೆ ಅಲ್ಲ. ನಾಲ್ಕರಲ್ಲಿ ಒಂದು ಸಲವಾದರೂ ನಿಮಗಿಂತ ಚಿಕ್ಕದು ಇಟ್ಟುಕೊಂಡು ಅವನು ಏರಿಸುತ್ತಾನಾ? ಅದನ್ನು ಕೇಳಿಕೊಳ್ಳಬೇಕು. ಒಂಬತ್ತರ ಜೋಡಿ ಬಿದ್ದಿರುವುದರಿಂದ ಕಲರ್‌ಗಿಂತ ದೊಡ್ಡ ಫುಲ್ ಹೌಸ್, ಅಂದರೆ ಒಂದೇ ಅಂಕಿಯ ಮೂರೆಲೆ ಜೊತೆಗೊಂದು ಜೋಡಿ, ಇರಬಹುದು. ಆಟೀನ್ ಎಕ್ಕವೂ ಅವನ ಹತ್ತಿರ ಇರಬಹುದು. ನಿಜವಾಗಿಯೂ ಹುಷಾರಿ ಆದರೆ ಎಸೆಯುವುದೇ ಸರಿ. ಆದರೆ ಒಂದು ಮಾತು. ಅವನು ಹುಷಾರಿ ಅಂತ ಊರೆಲ್ಲ ನಂಬಿದ್ದರೆ ಅವನ ಸುಳ್ಳಿಗೇ ಬೆಲೆ ಜಾಸ್ತಿ.

ಇಷ್ಟೂ ಬರೆದದ್ದಕ್ಕೆ ಬಂದದ್ದು ಒಂದು ಹೆಬ್ಬೆಟ್ಟು. ಅದನ್ನೂ ಹಾಕಿದ್ದು ನಾನೇ.

ಅಷ್ಟರಲ್ಲಿ ಗಂಗಾವತಿ ಅಣ್ಣ ಬಂದ. ಅವನು ಫಾರ್ವರ್ಡಿನಲ್ಲಿ ಓದಿದ್ದು ಕಲರ್ ಅನ್ನುವ ಒಂದೇ ಪದ ಅಂತ ನನ್ನ ಅನುಮಾನ.

ಅಣ್ಣ: ಕಲರ್ ಏನು ದೊಡ್ಡ ಎಲೆ? ಒಂದರ ಹಿಂದೊಂದು ಅಂಕಿಯ ಎಲೆ, ಸೀಕ್ವೆನ್ಸ್, ಬಂದರೆ ಕಲರ್ ಸತ್ತ ಹಾಗೆ. ಸುಮ್ನೆ ಯಾರೋ ಆಡಲು ಬಾರದವನು ಬರೆದಿದ್ದಾನೆ.

ತಮ್ಮ: ಅಣ್ಣಾ, ಅದು ಮೂರೆಲೆ ಆಟದಲ್ಲಿ. ಮೂರೆಲೆ ಒಟ್ಟು 22,100 ಥರ ಬೀಳಬಹುದು. ಅದರಲ್ಲಿ ಕಲರ್ 1,096, ಸೀಕ್ವೆನ್ಸ್ 720. ಸೀಕ್ವೆನ್ಸ್ ಅಪರೂಪ, ಅದಕ್ಕೇ ದೊಡ್ಡದು. ಪೋಕರಿನ ಐದೆಲೆಯಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಅಲ್ಲಿ ಕಲರ್ ದೊಡ್ಡದು.

ಅಣ್ಣ: ನಿಮ್ಮ ಬೆಂಗಳೂರಲ್ಲಿ ಇರಬಹುದು. ಗಂಗಾವತಿಯಲ್ಲಿ ಸೀಕ್ವೆನ್ಸೇ ದೊಡ್ಡದು.

ಈ ಲೆಕ್ಕ ನನಗೆ ನಿಜಕ್ಕೂ ಹೊಸದು. ಎರಡು ಎಲೆ ಹೆಚ್ಚಾದರೆ ಮೇಲಿದ್ದದ್ದು ಕೆಳಗೆ ಬರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅದನ್ನು ಬರೆಯೋಣ ಅಂತಿದ್ದೆ. ಆದರೆ ದೊಡ್ಡಪ್ಪ "ಟೈಪಿಂಗ್" ಅಂತ ತೋರಿಸಲು ಶುರುವಾಯಿತು. ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಅವರು ಟೈಪ್ ಮಾಡುವಾಗ ಉಳಿದವರು ಕಾಯುತ್ತಾರೆ.

ದೊಡ್ಡಪ್ಪ: ಮಕ್ಕಳಿರುವ ಗುಂಪಿನಲ್ಲಿ ಜೂಜಿನ ಪಾಠವೇ? ಧರ್ಮರಾಯ ರಾಜ್ಯ ಕಳೆದುಕೊಂಡ, ತಮ್ಮಂದಿರನ್ನು ಕಳೆದುಕೊಂಡ, ದ್ರೌಪದಿಯನ್ನು ಪಣಕ್ಕಿಟ್ಟ. ಇಸ್ಪೀಟು ಹಿಡಿದವರ ಮನೆ ಉದ್ಧಾರವಾದದ್ದು ನಾನು ನೋಡಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ಇದನ್ನೆಲ್ಲ ನಿಷೇಧಿಸಿದೆ.

ತಮ್ಮ: ಅಪ್ಪಾ, ಆ ಕಾಯ್ದೆ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳಿಗೆ. ಮತ್ತೆ ಧರ್ಮರಾಯನ ಕಷ್ಟ ಆಡಿದ್ದಲ್ಲ. ನಡುವೆ ಏಳದೇ ಇದ್ದದ್ದು. ಕಾಕಾ ಹೇಳುತ್ತಿರುವುದೂ ಅದನ್ನೇ.

ದೊಡ್ಡಪ್ಪ: ನನಗೆ ಮಹಾಭಾರತ ಹೇಳಿಕೊಡಬೇಡ.

ಗಂಗಾವತಿ ಅಣ್ಣನಿಗೆ ಮಾಳಿಗೆಯ ನೆನಪು ಬಂತು. ಬೇಸಿಗೆಯಲ್ಲಿ ಎಲ್ಲರೂ ಅಲ್ಲೇ ಮಲಗುತ್ತಿದ್ದದ್ದು, ನೆಲ ಕಾಯ್ದಿರುತ್ತದೆ ಅಂತ ಸಂಜೆ ಕೊಡಗಟ್ಟಲೆ ನೀರು ಹೊಡೆಯುತ್ತಿದ್ದದ್ದು, ಬೆಳಗ್ಗೆ ಅಜ್ಜಿ ಮಾಡುತ್ತಿದ್ದ ಒಗ್ಗಾಣಿ, ಮಿರ್ಚಿ. ಕೋಟೆ ಗುಡ್ಡದ ಒಂದು ಫೋಟೋ ಹಾಕಿದ. ಅದು ಬಳ್ಳಾರಿಯ ಗುಡ್ಡ ಅಲ್ಲ, ಚಿತ್ರದುರ್ಗದ್ದು ಅಂತ ಯಾರೋ ಹೇಳಿದರು. ಸ್ವಲ್ಪ ಹೊತ್ತು ಅದೇ ನಡೆಯಿತು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಕಾಕಾ ಬಿಡಲಿಲ್ಲ.

ಕಾಕಾ: ವಿಷಯಕ್ಕೆ ಬನ್ನಿ. ಹುಷಾರಿ ಮನುಷ್ಯ ಬಾಯಿ ಬಿಟ್ಟರೆ ನಾವು ಹಿಂದೆ ಸರಿಯಬೇಕು. ಇಷ್ಟೇ ನಾನು ಹೇಳೋದು.

ಇದಕ್ಕೇ ಕಾದಿದ್ದವರ ಹಾಗೆ ಸಂಡೂರು ಅತ್ತಿ ಬಂದರು. ಅತ್ತಿ ಅಂದರೆ ಕಾಕಾನ ಅಕ್ಕ, ಮಾವನ ಹೆಂಡತಿ.

ಅತ್ತಿ: ಹೌದಾ ತಮ್ಮಾ? ಹಾಗಾದರೆ ನಮ್ಮ ಮನೆಯವರು ಲಾರಿ ಮಾರು ಅಂದಾಗ ಯಾಕೆ ಮಾರಲಿಲ್ಲ?

ಗುಂಪು ತಣ್ಣಗಾಯಿತು. ಹೊಸಬರಿಗೆ ಹೇಳುತ್ತೇನೆ. ಕಬ್ಬಿಣದ ಅದಿರಿನ ಭರಾಟೆಯಲ್ಲಿ ಕಾಕಾ ಸಾಲ ಮಾಡಿ ಎರಡು ಟಿಪ್ಪರ್ ಲಾರಿ ತೆಗೆದುಕೊಂಡಿದ್ದರು. ಹಗಲು ರಾತ್ರಿ ಓಡುತ್ತಿದ್ದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಯಾರ ವ್ಯವಹಾರಕ್ಕೂ ಬಾಯಿ ಹಾಕದ ಮಾವ ಆಗ ಸಿರುಗುಪ್ಪಕ್ಕೆ ಹೋಗಿ, ಗಿರಾಕಿ ಇದ್ದಾಗಲೇ ಕೊಟ್ಟುಬಿಡು ಅಂದಿದ್ದರು. ಕಾಕಾ ನಕ್ಕರು. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಲಾರಿ ನಿಂತವು, ಕಂತು ನಿಲ್ಲಲಿಲ್ಲ. ಅತ್ತಿ ಕೈಬಳೆ ಅಡ ಇಟ್ಟು ಕೊಟ್ಟ ದುಡ್ಡು ಆ ಕಂತಿಗೇ ಹೋಯಿತು.

ಕಾಕಾ: ಗಣಿ ಆಮೇಲೆ ಶುರುವಾಗಲಿಲ್ಲವಾ ಅಕ್ಕಾ?

ಅತ್ತಿ: ಶುರುವಾಯಿತು. ನಿನ್ನ ಲಾರಿ ಎಲ್ಲಿತ್ತು ಆಗ?

ಕಾಕಾ: ಬಳೆ ದುಡ್ಡು ತೀರಿಸಿದ್ದೇನೆ.

ಅತ್ತಿ: ಅಸಲು ತೀರಿಸಿದೆ. ಬಡ್ಡಿ ನಾವು ಕಟ್ಟಿದೆವು. ಮೂರೆಲೆಗೆ ಮಾವನ ಮಾತು ವೇದ, ಲಾರಿಗೆ ಮಾತ್ರ ಅಲ್ಲ.

ದೊಡ್ಡಪ್ಪ: ಇಬ್ಬರೂ ನಿಲ್ಲಿಸಿ. ಹಬ್ಬ ಹತ್ತಿರ ಬರುತ್ತಿದೆ.

ಬೆಂಗಳೂರು ತಮ್ಮ ಇಲ್ಲೂ ಸುಮ್ಮನಿರಲಿಲ್ಲ. ಕಳೆದುಕೊಂಡ ದುಡ್ಡಿನ ಮೋಹದಿಂದ ಇನ್ನಷ್ಟು ಹಾಕುವುದು ಆಟಗಾರರ ಹಳೇ ರೋಗ, ಇಟ್ಟ ದುಡ್ಡು ಇಟ್ಟ ಕೂಡಲೇ ನಮ್ಮದಲ್ಲ ಅಂತ ಏನೇನೋ ಬರೆದ. ಮಾತು ಸರಿಯೇ. ಆದರೆ ಆ ಹೊತ್ತಿಗೆ ಬಾರದು. ಅತ್ತಿ ಅವನನ್ನೂ ಬೈದರು. ಅವನ ಮದುವೆಯಲ್ಲಿ ತಮಗೆ ಕೊಟ್ಟ ಸೀರೆಯ ವಿಷಯವೂ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಗ ಸಂಡೂರು ಮಾವನ ಹೆಸರು ಕಂಡಿತು. ಮಾವ ಈ ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಕೈ ಮುಗಿಯುವ ಚಿತ್ರ ಬಿಟ್ಟರೆ ಬೇರೆ ಏನೂ ಹಾಕಿದವರಲ್ಲ.

ಮಾವ: ಅವತ್ತು ಮಾಳಿಗೆ ಮೇಲೆ ನನ್ನ ಹತ್ತಿರ ಇದ್ದದ್ದು ಏಳರ ಜೋಡಿ.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಮೊದಲು ತಮ್ಮನ ನಗುವ ಮುಖ ಬಂತು. ಅದರ ಹಿಂದೆ ಅಣ್ಣನದು. ಆಮೇಲೆ ಯಾವತ್ತೂ ಮಾತಾಡದ ಸಿಂಧನೂರು, ಕುಷ್ಟಗಿ, ಕಂಪ್ಲಿ ಕಡೆಯವರೆಲ್ಲ ಸಾಲಾಗಿ ಬಂದು ನಕ್ಕರು. ಇವರೆಲ್ಲ ಬೆಳಗ್ಗೆಯಿಂದ ಓದುತ್ತಲೇ ಇದ್ದರು ಅಂತ ಗೊತ್ತಾಗಿದ್ದು ಆಗಲೇ.

ಅತ್ತಿ: ಇಷ್ಟು ವರ್ಷ ನನಗೂ ಹೇಳಿಲ್ಲ ಇವರು!

ಕಾಕಾ ಗುಂಪು ಬಿಟ್ಟು ಹೋದರು. ಅಡ್ಮಿನ್ ದೊಡ್ಡಪ್ಪ. ಊಟದ ಹೊತ್ತಿಗೆ ವಾಪಸ್ ಸೇರಿಸಿದರು. ಬಂದ ಕೂಡಲೇ ಕಾಕಾ ಬರೆದರು:

"ಭಾವ, ಆ ಆಟದಲ್ಲಿ ಮಧ್ಯದಲ್ಲಿ ಎಷ್ಟು ದುಡ್ಡಿತ್ತು?"

ಉತ್ತರ ಬಂದದ್ದು ಅತ್ತಿಯಿಂದ: "ಬಳೆ ಬಡ್ಡಿಯಲ್ಲಿ ಮುರಿದುಕೋ."