ತೋಟದಲ್ಲಿ ಕುಟುಂಬದ ಫೋಟೊ: ಎಲ್ಲರೂ ಯಾವ ಬಟ್ಟೆ ಧರಿಸಬೇಕು?

ಪ್ರಶ್ನೆ:
ನಮಸ್ಕಾರ ಸರ್. ಡಿಸೆಂಬರ್ ಕೊನೆಯ ವಾರ ನಮ್ಮ ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬುತ್ತದೆ. ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಮತ್ತು ಅದಕ್ಕೆ ಹೊಂದಿದ ಗದ್ದೆಯಲ್ಲಿ, ಮೊಮ್ಮಕ್ಕಳೂ ಸೇರಿ 11 ಮಂದಿ ಫೋಟೊ ತೆಗೆಸಿಕೊಳ್ಳಬೇಕೆಂದಿದ್ದೇವೆ. ಎಲ್ಲರಿಗೂ ಒಂದೇ ಗಿಳಿಹಸಿರು ಬಣ್ಣದ ಬಟ್ಟೆ ಹೊಲಿಸೋಣ ಎಂಬುದು ತಂಗಿಯ ಅಭಿಪ್ರಾಯ. ಅಮ್ಮನಿಗೆ ತಮ್ಮ ಕುಂಕುಮ ಬಣ್ಣದ ಹಳೆಯ ಮೈಸೂರು ರೇಷ್ಮೆ ಸೀರೆಯನ್ನೇ ಉಡುವ ಆಸೆ. ಅಪ್ಪ ಬಿಳಿ ಪಂಚೆ, ಬಿಳಿ ಶರ್ಟು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಏನು ಮಾಡುವುದು ಸೂಕ್ತ?

ಉತ್ತರ:
ನಮಸ್ಕಾರ ಮೇಡಂ. ಅಮ್ಮನವರು ಆ ಸೀರೆಯನ್ನೇ ಉಡಲಿ. ಉಳಿದವರ ಬಟ್ಟೆಯನ್ನು ಅದಕ್ಕೆ ಹೊಂದಿಸೋಣ. ಈ ಫೋಟೊ ಅವರಿಬ್ಬರಿಗಾಗಿ ತೆಗೆಯುವುದರಿಂದ ನೋಡುವವರ ಕಣ್ಣು ಮೊದಲು ಅವರ ಮೇಲೆಯೇ ನಿಲ್ಲಬೇಕು. ಹಸಿರು ತೋಟದ ನಡುವೆ ಕುಂಕುಮ ಬಣ್ಣದಷ್ಟು ಎದ್ದು ಕಾಣುವ ಬಣ್ಣ ಮತ್ತೊಂದಿಲ್ಲ. ಮೈಸೂರು ರೇಷ್ಮೆಯ ಒಡಲು ಸಾಮಾನ್ಯವಾಗಿ ಒಂದೇ ಬಣ್ಣದ್ದಾಗಿದ್ದು ಅಂಚಿನಲ್ಲಿ ಮಾತ್ರ ಜರಿ ಇರುವುದರಿಂದ ಅದು ಗುಂಪಿನಲ್ಲಿಯೂ ಗಲಿಬಿಲಿಯಾಗದೆ ಕಾಣುತ್ತದೆ. ನೇರ ಬಿಸಿಲು ಬಿದ್ದರೆ ಜರಿ ಕಣ್ಣು ಕುಕ್ಕುತ್ತದೆ, ಆದ್ದರಿಂದ ಅವರನ್ನು ನೆರಳಿನಲ್ಲಿ ನಿಲ್ಲಿಸಬೇಕು.

ಗಿಳಿಹಸಿರು ದಯವಿಟ್ಟು ಬೇಡ. ಅಡಿಕೆ ತೋಟದೊಳಗೆ ಬೀಳುವ ಬೆಳಕು ಸೋಗೆಗಳ ನಡುವಿನಿಂದ ಸೋಸಿ ಬರುವುದರಿಂದ ಅದರಲ್ಲಿ ಮೊದಲೇ ಹಸಿರು ಛಾಯೆ ಇರುತ್ತದೆ. ಅದರ ಮೇಲೆ ಗಾಢ ಹಸಿರು ಬಟ್ಟೆ ತೊಟ್ಟರೆ ಆ ಬಣ್ಣ ಗಲ್ಲದ ಕೆಳಗೆ, ಕುತ್ತಿಗೆಯ ಮೇಲೆ ಪ್ರತಿಫಲಿಸಿ ಮುಖ ಕಳೆಗುಂದಿದಂತೆ ಕಾಣುತ್ತದೆ. ಹನ್ನೊಂದು ಮುಖಗಳಿಂದ ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ಬಹಳ ಕಷ್ಟದ ಕೆಲಸ. ಕಣ್ಣಿಗೆ ಹೊಡೆಯುವ ಗುಲಾಬಿ, ಕಿತ್ತಳೆ ಬಣ್ಣಗಳಿಂದಲೂ ಇದೇ ತೊಂದರೆ. ಅಲ್ಲದೆ ಎಲ್ಲರೂ ಒಂದೇ ಬಣ್ಣ ಧರಿಸಿದಾಗ ಒಬ್ಬರ ತೋಳು ಎಲ್ಲಿ ಮುಗಿಯಿತು, ಇನ್ನೊಬ್ಬರ ಭುಜ ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯುವುದಿಲ್ಲ.

ಗದ್ದೆಯ ವಿಷಯ ಬೇರೆ. ಡಿಸೆಂಬರ್ ಕೊನೆಗೆ ಭತ್ತದ ಕೊಯ್ಲು ಮುಗಿದು ಗದ್ದೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ತೋಟದಲ್ಲಿ ಚೆನ್ನಾಗಿ ಕಾಣುವ ಗಂಧದ ಬಣ್ಣ, ಸಾಸಿವೆ ಬಣ್ಣಗಳು ಅಲ್ಲಿ ನೆಲದೊಂದಿಗೇ ಬೆರೆತುಹೋಗುತ್ತವೆ. ಎರಡೂ ಕಡೆ ಒಪ್ಪುವ ಬಣ್ಣಗಳೆಂದರೆ ಕಡುನೀಲಿ, ಬೂದುನೀಲಿ, ಕೆನೆ ಬಣ್ಣ ಮತ್ತು ಇಟ್ಟಿಗೆಗೆಂಪು. ಇವುಗಳಲ್ಲಿ ಮೂರನ್ನು ಆರಿಸಿಕೊಂಡು ಮಗಳಂದಿರು, ಅಳಿಯಂದಿರು, ಮೊಮ್ಮಕ್ಕಳ ನಡುವೆ ಹಂಚಿ. ಅಕ್ಕಪಕ್ಕ ನಿಲ್ಲುವ ಇಬ್ಬರಿಗೆ ಒಂದೇ ಬಣ್ಣ ಬಾರದಂತೆ ನೋಡಿಕೊಳ್ಳಿ. ಗಂಡಸರು ಸಣ್ಣ ಗೀರು ಅಥವಾ ಸಣ್ಣ ಚೌಕಳಿಯ ಶರ್ಟುಗಳನ್ನು ಬಿಡಬೇಕು, ಏಕೆಂದರೆ ಡಿಜಿಟಲ್ ಕ್ಯಾಮೆರಾದಲ್ಲಿ ಅಂಥ ಬಟ್ಟೆಯ ಮೇಲೆ ಇಲ್ಲದ ಬಣ್ಣದ ಅಲೆಗಳು ಮೂಡುವುದುಂಟು.

ಅಪ್ಪನವರ ಬಿಳಿಯನ್ನು ಬದಲಿಸಲು ಒತ್ತಾಯಿಸಬೇಡಿ. ಬಿಳಿ ಶರ್ಟು ಮುಖಕ್ಕೆ ಕೆಳಗಿನಿಂದ ಮೃದುವಾದ ಬೆಳಕು ಕೊಡುತ್ತದೆ. ವಯಸ್ಸಾದವರ ಕಣ್ಣಿನ ಕೆಳಗಿನ ನೆರಳು ಅದರಿಂದ ತಿಳಿಯಾಗುತ್ತದೆ. ಎಚ್ಚರ ವಹಿಸಬೇಕಾದದ್ದು ಎರಡು ಕಡೆ ಮಾತ್ರ: ಮರಗಳ ನಡುವಿನಿಂದ ಬೀಳುವ ಬಿಸಿಲ ಚುಕ್ಕೆಗಳು ಬಿಳಿಯ ಮೇಲೆ ಬಿದ್ದರೆ ಅಲ್ಲಿ ಮಡಿಕೆ, ನೇಯ್ಗೆ ಏನೂ ಕಾಣದೆ ಬರೀ ಬಿಳುಪು ಉಳಿಯುತ್ತದೆ, ಮತ್ತು ತೆಳುವಾದ ಪಂಚೆಯ ಹಿಂದಿನಿಂದ ಬೆಳಕು ಬಂದರೆ ಕಾಲು ಕಾಣುತ್ತದೆ. ದಪ್ಪ ನೇಯ್ಗೆಯ ಪಂಚೆಯನ್ನೇ ಇಸ್ತ್ರಿ ಮಾಡಿಸಿಡಿ.

ಮರುಪ್ರಶ್ನೆ:
ಧನ್ಯವಾದಗಳು ಸರ್. ಹೊಸ ಬಟ್ಟೆ ಕೊಳ್ಳದೆ, ಮನೆಯಲ್ಲಿ ಇರುವುದರಲ್ಲಿಯೇ ಹೊಂದಿಸಬಹುದೇ?

ಉತ್ತರ:
ಖಂಡಿತ ಹೊಂದಿಸಬಹುದು, ನಾನಾದರೆ ಅದನ್ನೇ ಸೂಚಿಸುತ್ತೇನೆ. ಒಗೆದು ಮೆದುವಾದ ಬಟ್ಟೆಯಲ್ಲಿ ಜನ ಸಹಜವಾಗಿ ನಿಲ್ಲುತ್ತಾರೆ, ಕೂರುತ್ತಾರೆ. ಎಲ್ಲ ಉಡುಪುಗಳನ್ನೂ ಹಗಲಿನ ಬೆಳಕಿನಲ್ಲಿ, ಜಗಲಿಯ ಮೇಲೆ, ನಿಲ್ಲುವ ಕ್ರಮದಲ್ಲಿಯೇ ಅಮ್ಮನವರ ಸೀರೆಯ ಸುತ್ತ ಹರಡಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿ ತೀರ್ಮಾನಿಸಬೇಡಿ. ಆ ಚಿತ್ರವನ್ನು ಕಪ್ಪುಬಿಳುಪಿಗೆ ಬದಲಿಸಿದಾಗ ಒಂದೇ ಬೂದಿಬಣ್ಣಕ್ಕೆ ಬರುವ ಎರಡು ಬಟ್ಟೆಗಳನ್ನು ದೂರದೂರ ಇರಿಸಬೇಕು. ದೂರದ ಊರಿನಲ್ಲಿರುವವರು ತಮ್ಮ ಬಟ್ಟೆಯ ಚಿತ್ರವನ್ನು ಮೊದಲೇ ಕಳುಹಿಸಲಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ನಮ್ಮ ಮಾವನವರ ಕನ್ನಡಕ ಬಿಸಿಲಿಗೆ ಕಪ್ಪಾಗುತ್ತದೆ. ಮೂರು ವರ್ಷದ ಮಗಳು ಕಾರ್ಟೂನ್ ಚಿತ್ರದ ಅಂಗಿಯನ್ನು ಬಿಡುವುದಿಲ್ಲ. ಇವಕ್ಕೆ ಪರಿಹಾರವಿದೆಯೇ?

ಉತ್ತರ:
ಅಂಥ ಗಾಜು ನೆರಳಿನಲ್ಲಿಯೂ ಸ್ವಲ್ಪ ಕಪ್ಪಾಗುವುದರಿಂದ ಕಣ್ಣುಗಳು ಮರೆಯಾಗುತ್ತವೆ. ಹಳೆಯ ಸಾದಾ ಕನ್ನಡಕವಿದ್ದರೆ ಅಂದು ಅದನ್ನೇ ಹಾಕಿಸಿ. ಇಲ್ಲವಾದರೆ ಎಲ್ಲರೂ ಸಿದ್ಧರಾಗಿ ನಿಲ್ಲುವವರೆಗೆ ಅವರನ್ನು ಮನೆಯೊಳಗೆ ಕೂರಿಸಿ ಕೊನೆಯಲ್ಲಿ ಕರೆತನ್ನಿ. ಮಗುವಿಗೆ ಹತ್ತಿಯ ಲಂಗ ರವಿಕೆಯನ್ನು ಒಂದೆರಡು ವಾರ ಮುಂಚಿನಿಂದಲೇ ಆಗಾಗ ತೊಡಿಸಿ ರೂಢಿ ಮಾಡಿಸಿ. ಅಂದೂ ಹಟ ಹಿಡಿದರೆ ಅವಳ ಅಂಗಿಯಲ್ಲಿಯೇ ಮೊದಲು ಕೆಲವು ಫೋಟೊ ತೆಗೆಯಲು ಹೇಳಿ, ಅತ್ತ ಕಣ್ಣಿನ ಮಗುವಿಗಿಂತ ಕಾರ್ಟೂನ್ ಅಂಗಿಯ ಮಗು ಎಷ್ಟೋ ಮೇಲು.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ವಿಷಯ: ಡಿಸೆಂಬರಿನ ಬೆಳಗಿನಲ್ಲಿ ತೋಟದ ನೆಲ ಇಬ್ಬನಿಯಿಂದ ಒದ್ದೆಯಾಗಿರುತ್ತದೆ. ಸೀರೆಯ ಅಂಚು ಹಾಳಾಗದಂತೆ ತೋಟದ ಫೋಟೊಗಳನ್ನು 9ರ ನಂತರ ಇಟ್ಟುಕೊಂಡು, ಗದ್ದೆಯದನ್ನು ಸಂಜೆ 5ರ ಮೇಲಿನ ಓರೆ ಬಿಸಿಲಿಗೆ ಬಿಡಿ.