ಎಲ್‌ಬ್ರಿಡ್ಜ್ ಗೆರಿಯನ್ನು 'ರಾಜ್ಯಪಾಲ' ಎನ್ನಬಹುದೇ?

ಅಮೆರಿಕದ ರಾಜಕಾರಣಿ ಎಲ್‌ಬ್ರಿಡ್ಜ್ ಗೆರಿಯ (1744–1814) ಕಿರುಪರಿಚಯವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್ ಬಂದರಿನಲ್ಲಿ ಒಣಮೀನಿನ ವ್ಯಾಪಾರ ನಡೆಸುತ್ತಿದ್ದ ಮನೆತನದಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಓದಿ, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಈತ, 1787ರಲ್ಲಿ ಸಂವಿಧಾನದ ಕರಡಿಗೆ ಸಹಿ ಹಾಕಲು ನಿರಾಕರಿಸಿದ ಮೂವರಲ್ಲಿ ಒಬ್ಬ. 1772ರಲ್ಲಿ ಈತ ಪ್ರವೇಶಿಸಿದ ಶಾಸನಸಭೆಯ ಹೆಸರು 'ಜನರಲ್ ಕೋರ್ಟ್'. ಅದನ್ನು ನ್ಯಾಯಾಲಯವೆಂದು ಬರೆಯದಿದ್ದರೆ ಸಾಕು. ನಿಜವಾದ ತೊಡಕಿರುವುದು 1810 ಮತ್ತು 1811ರಲ್ಲಿ ಗೆದ್ದು ಪಡೆದ ಗವರ್ನರ್ ಹುದ್ದೆಯಲ್ಲಿ.

ನಮ್ಮಲ್ಲಿ ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿಗಳು. ಮಸೂದೆಯೊಂದಕ್ಕೆ ರಾಜ್ಯಪಾಲರ ಅಂಕಿತ ಬಿತ್ತು ಎಂದು ಓದಿದವರು ಅದರ ಹೊಣೆಯನ್ನು ಮಂತ್ರಿಮಂಡಲದ ಮೇಲೆ ಹೊರಿಸುತ್ತಾರೆಯೇ ಹೊರತು ಅಂಕಿತ ಹಾಕಿದವರ ಮೇಲಲ್ಲ. ಮ್ಯಾಸಚೂಸೆಟ್ಸ್‌ನ 1780ರ ಸಂವಿಧಾನದಂತೆ ಗವರ್ನರ್ ಪ್ರತಿವರ್ಷವೂ ಮತದಾರರೆದುರು ನಿಂತು ಗೆಲ್ಲಬೇಕಿತ್ತು. ಒಪ್ಪಿಗೆಯಾಗದ ಮಸೂದೆಯನ್ನು ಆಕ್ಷೇಪಣೆಗಳೊಡನೆ ಹಿಂದಿರುಗಿಸುವ ಅಧಿಕಾರ ಆತನಿಗಿತ್ತು, ಹಾಗೆ ಬಂದದ್ದನ್ನು ಕಾಯಿದೆಯಾಗಿಸಲು ಎರಡೂ ಸದನಗಳಲ್ಲಿ ಮೂರನೆಯ ಎರಡರಷ್ಟು ಬೆಂಬಲ ಬೇಕಿತ್ತು. 1812ರ ಫೆಬ್ರವರಿ 11ರಂದು, ರಾಜ್ಯದ ಸೆನೆಟ್ಟಿನ (ಶಾಸನಸಭೆಯ ಮೇಲ್ಮನೆಯ) ಕ್ಷೇತ್ರಗಳ ಗಡಿಗಳನ್ನು ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಎಳೆದಿದ್ದ ಮಸೂದೆಗೆ ಗೆರಿ ಸಹಿ ಹಾಕಿದ. ಅದು ಆತನಿಗೆ ಸ್ವಲ್ಪವೂ ಹಿಡಿಸಿರಲಿಲ್ಲವೆಂದು ಆತನ ಅಳಿಯ ಬರೆದ ಜೀವನಚರಿತ್ರೆ ಹೇಳುತ್ತದೆ. ತಡೆಯುವ ಅಧಿಕಾರವಿದ್ದೂ ತಡೆಯಲಿಲ್ಲವೆಂಬುದೇ ಆಪಾದನೆಯ ತಿರುಳಾಗಿರುವಾಗ, 'ರಾಜ್ಯಪಾಲ' ಎಂದು ಬರೆದರೆ ಅಳಿಯನ ವಕಾಲತ್ತನ್ನು ನಾವೇ ಮುಂದುವರಿಸಿದಂತಾಗುತ್ತದೆ. 'ಮುಖ್ಯಮಂತ್ರಿ' ಎಂದರೆ ಕೆಲಸದ ಸ್ವರೂಪ ಹತ್ತಿರವಾದರೂ, ಶಾಸನಸಭೆಯ ಬಹುಮತದಿಂದ ಬಂದವನೆಂಬ ಬೇರೊಂದು ಗೊಂದಲ ಹುಟ್ಟುತ್ತದೆ. ಮೊದಲ ಸಲ 'ಚುನಾಯಿತ ಗವರ್ನರ್' ಎಂದು ಬರೆದು, ಮುಂದೆ 'ಗವರ್ನರ್' ಎಂದಷ್ಟೇ ಬಳಸುವುದು ನನಗೆ ಸರಿಯೆನಿಸುತ್ತದೆ.

ಎರಡನೆಯ ಪ್ರಶ್ನೆ ಈ ಮಸೂದೆಯಿಂದಲೇ ಹುಟ್ಟಿದ 'ಜೆರಿಮ್ಯಾಂಡರಿಂಗ್' ಎಂಬ ಪದದ್ದು, ಎಂದರೆ ಪಕ್ಷದ ಅನುಕೂಲಕ್ಕಾಗಿ ಕ್ಷೇತ್ರಗಳ ಗಡಿಗಳನ್ನು ತಿರುಚುವುದು. ಎಸೆಕ್ಸ್ ಕೌಂಟಿಯಲ್ಲಿ ಗೆರಿಯ ಹುಟ್ಟೂರನ್ನೂ ಸೇರಿಸಿಕೊಂಡು ಡೊಂಕಾಗಿ ಸುತ್ತಿಕೊಂಡಿದ್ದ ಕ್ಷೇತ್ರವೊಂದಕ್ಕೆ ರೆಕ್ಕೆ, ಉಗುರು, ಕೋರೆಹಲ್ಲುಗಳನ್ನು ಬರೆದು 'ಬಾಸ್ಟನ್ ಗೆಜೆಟ್' ಪತ್ರಿಕೆ 1812ರ ಮಾರ್ಚ್ 26ರಂದು ವ್ಯಂಗ್ಯಚಿತ್ರವಾಗಿ ಪ್ರಕಟಿಸಿತು. ಗೆರಿಯ ಹೆಸರಿಗೆ ಸಾಲಮ್ಯಾಂಡರ್ ಎಂಬ ಹಲ್ಲಿಯಂತಹ ಪ್ರಾಣಿಯ ಹೆಸರಿನ ಬಾಲ ಅಂಟಿಕೊಂಡಿತು. ಆ ವರ್ಷದ ಚುನಾವಣೆಯಲ್ಲಿ ಗೆರಿ ಸ್ವತಃ ಕೇಲಬ್ ಸ್ಟ್ರಾಂಗ್ ಎದುರು ಸೋತರೂ, ಆತನ ಪಕ್ಷ ಎದುರಾಳಿಗಳಿಗಿಂತ ಕಡಿಮೆ ಮತ ಪಡೆದೇ ಸೆನೆಟ್ಟಿನ 40 ಸ್ಥಾನಗಳಲ್ಲಿ 29ನ್ನು ಗೆದ್ದಿತು. ಮರುವರ್ಷ ಗೆರಿ ಅಮೆರಿಕದ ಉಪಾಧ್ಯಕ್ಷನಾದ. ಆ ಹುದ್ದೆಯಲ್ಲಿರುವಾಗಲೇ ತೀರಿಕೊಂಡ.

ಈ ಪದಕ್ಕೆ ಕನ್ನಡದಲ್ಲಿ 'ಕ್ಷೇತ್ರ ಪುನರ್ವಿಂಗಡಣೆ' ಎನ್ನಲಾಗದು, ಏಕೆಂದರೆ ಅದು ನಮ್ಮಲ್ಲಿ ಆಯೋಗವೊಂದು ಕಾನೂನಿನಂತೆ ನಡೆಸುವ ಕಾರ್ಯದ ಹೆಸರು. 'ಜೆರಿಮ್ಯಾಂಡರಿಂಗ್' ಎಂದೇ ಉಳಿಸಿದರೆ ಬೇರೊಂದು ತೊಂದರೆ: ಗೆರಿ ತನ್ನ ಹೆಸರನ್ನು ಗಕಾರದಿಂದ ಉಚ್ಚರಿಸುತ್ತಿದ್ದ, ಪದವಾದರೋ ಜಕಾರಕ್ಕೆ ಹೊರಳಿದೆ. ಇಂಗ್ಲಿಷಿನ ಕಾಗುಣಿತದಲ್ಲಿ ಮುಚ್ಚಿಹೋಗುವ ಈ ವ್ಯತ್ಯಾಸ ಕನ್ನಡ ಲಿಪಿಯಲ್ಲಿ ಎದ್ದು ಕಾಣುವುದರಿಂದ ವ್ಯಕ್ತಿಗೂ ಪದಕ್ಕೂ ಇರುವ ನಂಟು ಓದುಗರಿಗೆ ಹೊಳೆಯದು. 'ಗಡಿ ತಿರುಚುವಿಕೆ' ಎಂದರೆ ದೇಶದ ಗಡಿಯೆಂಬ ಅರ್ಥ ಮೊದಲು ಬರಬಹುದೆಂದು 'ಕ್ಷೇತ್ರ ತಿರುಚುವಿಕೆ' ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಇದಕ್ಕಿಂತ ಹಗುರವಾದ, ಕ್ರಿಯಾಪದವಾಗಿಯೂ ಸಲೀಸಾಗಿ ಬಳಸಬಹುದಾದ ಪದ ಪತ್ರಿಕೆಗಳಲ್ಲಾಗಲಿ ರಾಜ್ಯಶಾಸ್ತ್ರದ ಪಠ್ಯಗಳಲ್ಲಾಗಲಿ ಬಳಕೆಯಲ್ಲಿದ್ದರೆ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.