ಹೊಸ ಕಂಪನಿಯ ಮೊದಲ ಐಟಿಆರ್-6: ಮಾಡಿದವರು ನಿಮ್ಮ ಅನುಭವ ಹೇಳಿ

ಕೇಳಿದವರು:
ನಾನು ಮತ್ತು ನನ್ನ ತಂಗಿ ಸೇರಿ ಫೆಬ್ರುವರಿಯಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಶುರು ಮಾಡಿದೆವು. ಮಾರ್ಚ್ 31ರವರೆಗೆ ಒಂದು ಬಿಲ್ ಕೂಡ ಮಾಡಿಲ್ಲ, ಬರೀ ಖರ್ಚು. ವ್ಯವಹಾರವೇ ಆಗದಿದ್ದರೂ ಕಂಪನಿ ಹೆಸರಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಬೇಕಾ? ಮೊದಲ ಲೆಕ್ಕಪತ್ರವನ್ನು ಮುಂದಿನ ಮಾರ್ಚ್‌ವರೆಗೆ ಒಟ್ಟಿಗೆ ಮಾಡಬಹುದು ಅಂತ ಒಬ್ಬರು ಹೇಳಿದರು. ನನ್ನ ಸಂಬಳದ ರಿಟರ್ನ್ ನಾನೇ ಹಾಕಿಕೊಳ್ಳುತ್ತೇನೆ. ಇದನ್ನೂ ಹಾಗೇ ಮಾಡಬಹುದಾ? ನೀವು ಎಲ್ಲಿ ಎಡವಿದಿರಿ ಅಂತ ಹೇಳಿದರೆ ತುಂಬಾ ಉಪಕಾರ ಆಗುತ್ತದೆ.

ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರು:
ಹಾಕಲೇಬೇಕು ಮೇಡಂ. ವ್ಯಕ್ತಿಗಳಿಗಾದರೆ ಇಷ್ಟು ಆದಾಯ ದಾಟಿದರೆ ಮಾತ್ರ ಅಂತ ಮಿತಿ ಇದೆ. ಕಂಪನಿಗೆ ಅಂಥ ಮಿತಿಯೇ ಇಲ್ಲ. ಲಾಭ ಇರಲಿ, ನಷ್ಟ ಇರಲಿ, ಸೊನ್ನೆ ಇರಲಿ, ಐಟಿಆರ್-6, ಅಂದರೆ ಕಂಪನಿಗಳ ರಿಟರ್ನ್ ಫಾರ್ಮ್, ಹೋಗಬೇಕು. ಸಾಮಾನ್ಯವಾಗಿ ಕೊನೆ ದಿನ ಅಕ್ಟೋಬರ್ 31. ಜುಲೈ 31 ಅಲ್ಲ ಅಂತ ನೆಮ್ಮದಿಯಾಗಿ ಕೂತರೆ ನನ್ನ ಹಾಗೆ ಆಗುತ್ತದೆ.

ನಮ್ಮ ಮೊದಲ ಪೂರ್ತಿ ವರ್ಷದಲ್ಲಿ 7.4 ಲಕ್ಷ ನಷ್ಟ ಇತ್ತು. ತೆರಿಗೆ ಏನೂ ಕಟ್ಟುವುದಿಲ್ಲವಲ್ಲ, ನಾಲ್ಕು ದಿನ ತಡ ಆದರೆ ಏನು ಅಂದುಕೊಂಡೆ. ತಡ ಶುಲ್ಕ ನೋಡಿದೆ, ಆದಾಯ 5 ಲಕ್ಷದ ಒಳಗಿದ್ದರೆ 1,000 ರೂಪಾಯಿ. ಅಷ್ಟೇ ತಾನೇ ಅಂತ ಕಟ್ಟಿ ನವೆಂಬರ್ 5ಕ್ಕೆ ಹಾಕಿದೆ. ಮುಂದಿನ ವರ್ಷ 9 ಲಕ್ಷ ಲಾಭ ಬಂತು. ಹಳೇ ನಷ್ಟ ಕಳೆಯೋಣ ಅಂತ ಕೂತಾಗ ಗೊತ್ತಾಯಿತು, ಗಡುವಿನೊಳಗೆ ರಿಟರ್ನ್ ಹಾಕದಿದ್ದರೆ ವ್ಯಾಪಾರದ ನಷ್ಟವನ್ನು ಮುಂದಕ್ಕೆ ಒಯ್ಯುವ ಹಾಗಿಲ್ಲ. ಸರಿಯಾಗಿ ಹಾಕಿದ್ದರೆ 8 ವರ್ಷ ಅದು ನನ್ನ ಜೊತೆ ಇರುತ್ತಿತ್ತು. 7.4 ಲಕ್ಷದಲ್ಲಿ 1.4 ಲಕ್ಷ ಕಂಪ್ಯೂಟರ್, ಪೀಠೋಪಕರಣಗಳ ಸವಕಳಿ. ಸವಕಳಿಗೆ ಆ ನಿಯಮ ತಟ್ಟುವುದಿಲ್ಲ, ಅದು ಉಳಿಯಿತು. ಬಾಕಿ 6 ಲಕ್ಷ ಹೋಯಿತು. ನಮ್ಮ ದರ ಸೆಸ್ ಸೇರಿ 26%. ಅಂದರೆ ಐದು ದಿನದ ತಡಕ್ಕೆ 1,56,000 ರೂಪಾಯಿ ತೆರಿಗೆ ಹೆಚ್ಚಿಗೆ ಕಟ್ಟಿದೆ. ಆ ಅಂಕಿ ಇವತ್ತಿಗೂ ಬಾಯಿಪಾಠ ಇದೆ.

ಇನ್ನೊಂದು. ಕಂಪನಿ ಕಾಯ್ದೆಯ ಪ್ರಕಾರ ಜನವರಿ 1ರ ನಂತರ ಹುಟ್ಟಿದ ಕಂಪನಿ ಮೊದಲ ಲೆಕ್ಕವನ್ನು ಮುಂದಿನ ವರ್ಷದ ಮಾರ್ಚ್ 31ರವರೆಗೆ ಮಾಡಬಹುದು, ಅದು ನಿಜ. ಆದರೆ ಆದಾಯ ತೆರಿಗೆಗೆ ವರ್ಷ ಮುಗಿಯುವುದು ಈ ಮಾರ್ಚ್ 31ಕ್ಕೇ. ನಿಮಗೆ ಹೇಳಿದವರು ಎರಡನ್ನೂ ಬೆರೆಸಿದ್ದಾರೆ. ಫೆಬ್ರುವರಿ, ಮಾರ್ಚ್ ಎರಡು ತಿಂಗಳ ರಿಟರ್ನ್ ಬೇರೆಯಾಗಿಯೇ ಹಾಕಿ.

ಕಂಪನಿಗಳ ಅಕೌಂಟ್ಸ್ ನೋಡಿಕೊಳ್ಳುವವರು:
ಮೇಲಿನವರು ಹೇಳಿದ್ದು ಸರಿ. ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಫಾರ್ಮ್ ತುಂಬುವುದು ಕಡೆಯ ಕೆಲಸ. ಅಸಲಿ ಕೆಲಸ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ.

ಕಂಪನಿ ಎಷ್ಟೇ ಸಣ್ಣದಿದ್ದರೂ ಸಿಎ ಅವರಿಂದ ಆಡಿಟ್ ಆಗಬೇಕು, ಅದು ಕಂಪನಿ ಕಾಯ್ದೆಯ ಆಡಿಟ್. ಟ್ಯಾಕ್ಸ್ ಆಡಿಟ್ ಬೇರೆ. ವಹಿವಾಟು 1 ಕೋಟಿ ದಾಟಿದರೆ ಅದು ಬರುತ್ತದೆ. ನಗದಿನಲ್ಲಿ ಕೊಟ್ಟಿದ್ದು, ತಗೊಂಡಿದ್ದು ಎರಡೂ 5% ಒಳಗಿದ್ದರೆ ಮಿತಿ 10 ಕೋಟಿ. ಅದರ ವರದಿ ರಿಟರ್ನ್‌ಗಿಂತ ಒಂದು ತಿಂಗಳು ಮೊದಲೇ, ಸೆಪ್ಟೆಂಬರ್ 30ರೊಳಗೆ ಹೋಗಬೇಕು. ಸಿಎ ಅಪ್‌ಲೋಡ್ ಮಾಡಿದ ತಕ್ಷಣ ಮುಗಿಯಿತು ಅಂದುಕೊಳ್ಳಬೇಡಿ. ಕಂಪನಿಯ ಲಾಗಿನ್‌ಗೆ ಹೋಗಿ ನೀವು ಒಪ್ಪಿ ಸಹಿ ಹಾಕಿದ ಮೇಲೇ ಅದು ಸಲ್ಲಿಕೆ ಅನಿಸಿಕೊಳ್ಳುವುದು.

ನಿಮ್ಮ ಖರ್ಚಿನ ವಿಚಾರ. ವ್ಯಾಪಾರ ಶುರುವಾಗುವ ಮುಂಚಿನ ಖರ್ಚನ್ನು ನಷ್ಟ ಅಂತ ನೇರವಾಗಿ ತೋರಿಸಲು ಆಗುವುದಿಲ್ಲ. ಕಂಪನಿ ನೋಂದಣಿಯಂಥ ಕೆಲವು ಖರ್ಚುಗಳನ್ನು ಶುರುವಾದ ವರ್ಷದಿಂದ ಐದು ವರ್ಷ, ವರ್ಷಕ್ಕೆ ಐದನೇ ಒಂದು ಭಾಗ ಕಳೆಯಬಹುದು. ಹಾಗಾಗಿ ಯಾವ ತಾರೀಕಿನಿಂದ ಕೆಲಸಕ್ಕೆ ತಯಾರಾಗಿದ್ದಿರಿ ಅನ್ನುವುದಕ್ಕೆ ಕಾಗದ ಇಟ್ಟುಕೊಳ್ಳಿ.

ಮುಂದಿನ ವರ್ಷಕ್ಕೂ ಒಂದು ಮಾತು ಹೇಳಿಬಿಡುತ್ತೇನೆ, ಇದರಲ್ಲಿ ಪೆಟ್ಟು ತಿಂದವರನ್ನು ತುಂಬಾ ನೋಡಿದ್ದೇನೆ. ನೌಕರರ ಸಂಬಳದಿಂದ ಹಿಡಿದ ಪಿಎಫ್ ಮುಂದಿನ ತಿಂಗಳು 15ರೊಳಗೆ ಕಟ್ಟಿ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 16ಕ್ಕೆ ಕಟ್ಟಿದರೂ ಆ ಮೊತ್ತ ಖರ್ಚು ಅಂತ ಸಿಗುತ್ತಲೇ ಇರಲಿಲ್ಲ, ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿತ್ತು. ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯಬೇಕಾದ ಕಡೆ ಹಿಡಿಯದಿದ್ದರೆ ಆ ಖರ್ಚಿನ 30% ಲೆಕ್ಕಕ್ಕೆ ಸಿಗುವುದಿಲ್ಲ. ಒಂದು ಆಫೀಸ್ ಬಾಡಿಗೆಯಲ್ಲೇ ಇದು ಸಾಕಷ್ಟು ಆಗಿಬಿಡುತ್ತದೆ.

ಅಡ್ವಾನ್ಸ್ ಟ್ಯಾಕ್ಸ್, 26ಎಎಸ್ (ಕಂಪನಿ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ತಾಳೆ ನೋಡುವುದು ಇವೆಲ್ಲ ವ್ಯಾಪಾರ ಶುರುವಾದ ಮೇಲೆ. ಈಗ ತಲೆ ಕೆಡಿಸಿಕೊಳ್ಳಬೇಡಿ.

ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಆಡಿಟರ್ ಇದ್ದಾರೆ, ನಾಳೆಯೇ ಮಾತಾಡುತ್ತೇನೆ. ಕೊನೆಗೆ ಸಹಿ ಆಧಾರ್ ಒಟಿಪಿಯಲ್ಲೇ ಆಗುತ್ತದೆ ಅಲ್ವಾ?

ಪ್ಯಾಕಿಂಗ್ ಡಬ್ಬ ತಯಾರಿಸುವ ಕಂಪನಿಯವರು:
ಇಲ್ಲಮ್ಮ, ಅಲ್ಲೇ ನಾನು ಸಿಕ್ಕಿಬಿದ್ದಿದ್ದು. ಕಂಪನಿ ರಿಟರ್ನ್‌ಗೆ ಡಿಜಿಟಲ್ ಸಹಿಯೇ ಬೇಕು. ಅದೇ ಪೆನ್‌ಡ್ರೈವ್ ತರಹದ ಡಿಎಸ್‌ಸಿ ಟೋಕನ್.

ಅಕ್ಟೋಬರ್ 30, ರಾತ್ರಿ ಒಂಬತ್ತೂವರೆ. ಎಲ್ಲ ತುಂಬಿ ಆಗಿತ್ತು. ಟೋಕನ್ ಚುಚ್ಚಿದೆ, ಅದರ ದೀಪ ಹತ್ತಿತು, ಪಾಸ್‌ವರ್ಡ್ ಹಾಕಿದೆ. ತಪ್ಪು ಅಂತ ಬಂತು. ಹಳೇ ಡೈರಿಯಲ್ಲಿ ಬರೆದಿದ್ದ ಇನ್ನೊಂದು ಹಾಕಿದೆ. ಮಗನನ್ನು ಕೇಳಿ ಮತ್ತೊಂದು. ಹೀಗೇ ಮಾಡುತ್ತಾ ಹೋಗಿ ಟೋಕನ್ ಲಾಕ್ ಆಯಿತು. ಹಲವು ಸಲ ತಪ್ಪಿದರೆ ಅದು ಲಾಕ್ ಆಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮರುದಿನ ಬೆಳಿಗ್ಗೆಯೇ ಓಡಿ, ಹೊಸ ಡಿಎಸ್‌ಸಿಗೆ ವಿಡಿಯೋ ವೆರಿಫಿಕೇಶನ್ ಮಾಡಿಸಿ, ಅದು ಕೈಗೆ ಬಂದು ಪೋರ್ಟಲ್‌ನಲ್ಲಿ ನೋಂದಾಯಿಸುವಾಗ ಸಂಜೆ ಆರು. ಏಳೂಕಾಲಿಗೆ ರಿಟರ್ನ್ ಹೋಯಿತು. ಆವತ್ತು ಮಧ್ಯಾಹ್ನದ ಊಟ ಮಾಡಲಿಲ್ಲ.

ಡಿಎಸ್‌ಸಿಯನ್ನು ಡೈರೆಕ್ಟರ್ ತಮ್ಮ ಸ್ವಂತ ಪ್ಯಾನ್‌ನ ಲಾಗಿನ್‌ನಲ್ಲಿ ನೋಂದಾಯಿಸಬೇಕು, ಕಂಪನಿಯ ಲಾಗಿನ್‌ನಲ್ಲಿ ಹುಡುಕಬೇಡಿ. ಟೋಕನ್‌ನಲ್ಲಿರುವ ಪ್ಯಾನ್ ಮತ್ತು ಅವರ ಪ್ಯಾನ್ ಒಂದೇ ಇರಬೇಕು. ಕಂಪನಿ ನೋಂದಣಿಗೆ ತಗೊಂಡ ಡಿಎಸ್‌ಸಿ ನಿಮ್ಮ ಹತ್ತಿರ ಇರಬೇಕಲ್ಲ? ಅದರ ಅವಧಿ ಯಾವತ್ತು ಮುಗಿಯುತ್ತದೆ ಅಂತ ಇವತ್ತೇ ನೋಡಿ. ಬೇರೆಯವರ ಕೈಯಲ್ಲಿದ್ದರೆ ಇಸಿದುಕೊಳ್ಳಿ. ಅದು ನಿಮ್ಮ ಸಹಿ, ನಿಮ್ಮ ಬೀರುವಿನಲ್ಲಿ ಇರಬೇಕು.

ಎರಡು ಕಂಪನಿಗಳಲ್ಲಿ ಡೈರೆಕ್ಟರ್ ಆಗಿರುವವರು:
10-ಐಸಿ ಫಾರ್ಮ್ ಬಗ್ಗೆ ಯಾರೂ ಹೇಳಿಲ್ಲ. ಕಂಪನಿಗೆ 115ಬಿಎಎ ಸೆಕ್ಷನ್‌ನಲ್ಲಿ ಕಡಿಮೆ ದರದ ಒಂದು ಆಯ್ಕೆ ಇದೆ, ಅದನ್ನು ಆರಿಸಲು ಹಾಕುವ ಫಾರ್ಮ್ ಇದು. ತೆರಿಗೆ 22%, ಸರ್‌ಚಾರ್ಜ್, ಸೆಸ್ ಸೇರಿ 25.168%. ಸಣ್ಣ ಕಂಪನಿಯ 26% ಪಕ್ಕ ಇಟ್ಟರೆ ಉಳಿತಾಯ ಕಡಿಮೆಯೇ, 10 ಲಕ್ಷ ಲಾಭಕ್ಕೆ 8,320 ರೂಪಾಯಿ. ಆದರೆ ಇದರಲ್ಲಿ ಮ್ಯಾಟ್ (ಲೆಕ್ಕಪತ್ರದ ಲಾಭದ ಮೇಲೆ ಕಟ್ಟಬೇಕಾದ ಕನಿಷ್ಠ ತೆರಿಗೆ) ಇಲ್ಲ, ನನಗೆ ಅದೇ ದೊಡ್ಡದು ಅನಿಸಿತು. ಬದಲಿಗೆ ಕೆಲವು ವಿನಾಯಿತಿಗಳನ್ನು ಬಿಡಬೇಕು. ಒಮ್ಮೆ ಒಪ್ಪಿದರೆ ವಾಪಸ್ ಬರುವ ಹಾಗಿಲ್ಲ, ಅದಕ್ಕೇ ಆಡಿಟರ್ ಜೊತೆ ಕೂತು ಲೆಕ್ಕ ಹಾಕಿ.

ಈ ಆಯ್ಕೆ ಶುರುವಾದ 2020-21ರ ಅಸೆಸ್‌ಮೆಂಟ್ ವರ್ಷದಲ್ಲಿ (ಅಂದರೆ 2019-20ರ ಆದಾಯಕ್ಕೆ) ನಾವು ರಿಟರ್ನ್‌ನಲ್ಲಿ ಹೌದು ಅಂತ ಗುರುತು ಹಾಕಿದೆವು. ಅಷ್ಟೇ ಸಾಕು ಅಂದುಕೊಂಡೆವು. 10-ಐಸಿ ಅನ್ನುವ ಫಾರ್ಮ್ ಅನ್ನು ಗಡುವಿನೊಳಗೆ ಬೇರೆಯಾಗಿ ಹಾಕಬೇಕಿತ್ತು, ಹಾಕಿರಲಿಲ್ಲ. ಹಳೇ ದರದಲ್ಲಿ ಲೆಕ್ಕ ಹಾಕಿ ಬಾಕಿ ಕಟ್ಟಿ ಅಂತ ನೋಟಿಸ್ ಬಂತು. ನಮ್ಮ ಹಾಗೆ ತುಂಬಾ ಜನ ಇದ್ದರು. ಕೊನೆಗೆ 2022ರಲ್ಲಿ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ ಹೊರಡಿಸಿ ಆ ವರ್ಷದ ತಡವನ್ನು ಮನ್ನಿಸಿತು, ಬಚಾವಾದೆವು. ಪ್ರತಿ ಸಲ ಹಾಗೆ ಮನ್ನಿಸುತ್ತಾರೆ ಅಂತ ಕಾಯಬೇಡಿ. ಮೊದಲು 10-ಐಸಿ, ಅದರ ರಸೀದಿ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ರಿಟರ್ನ್.

ಇಲ್ಲಿ ಹೇಳಿದ ಸೆಕ್ಷನ್, ಫಾರ್ಮ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ, ಅಲ್ಲಿ ಸಂಖ್ಯೆಗಳು ಬೇರೆ. ಅದಕ್ಕೂ ಹಿಂದಿನ ವರ್ಷಗಳ ಲೆಕ್ಕ ಹಳೇ ಕಾಯ್ದೆಯಲ್ಲೇ ನಡೆಯುತ್ತದೆ.

ಕೇಳಿದವರು:
ಈಗಷ್ಟೇ ನೋಡಿದೆ. ನನ್ನ ಟೋಕನ್ ರಿಜಿಸ್ಟ್ರೇಶನ್ ಮಾಡಿಕೊಟ್ಟವರ ಹತ್ತಿರವೇ ಇದೆ, ತಂಗಿಯದೂ ಅಲ್ಲೇ. ನಾಳೆ ಬೆಳಿಗ್ಗೆ ಹೋಗಿ ಎರಡನ್ನೂ ತರುತ್ತೇನೆ, ಪಾಸ್‌ವರ್ಡ್ ಕೂಡ ಕೇಳಿ ಬರೆದುಕೊಳ್ಳುತ್ತೇನೆ.